ಹೆದ್ದಾರಿ ಯಾರ ಮನೆಯ ಮೇಲೆ ಹಾದುಹೋಯಿತು? ಸಾರಿಗೆಯಲ್ಲಿ ಜನಾಂಗೀಯ ಸಮಾನತೆಯ ಬಗ್ಗೆ ಒಂದು ಚರ್ಚೆ

ಸೇಂಟ್ ಪಾಲ್ ನಿವಾಸಿ:

1956ರ ಜೂನ್ ತಿಂಗಳಲ್ಲಿ ಅಮೆರಿಕದಲ್ಲಿ ಎರಡು ಸಂಗತಿಗಳು ಒಂದರ ಬೆನ್ನಿಗೆ ಒಂದು ನಡೆದವು. ಜೂನ್ 5ರಂದು ಅಲಬಾಮಾದ ಫೆಡರಲ್ ನ್ಯಾಯಾಲಯವು, ಮಾಂಟ್ಗೊಮರಿ ನಗರದ ಬಸ್ಸುಗಳಲ್ಲಿ ಕಪ್ಪು ಜನರಿಗೂ ಬಿಳಿಯರಿಗೂ ಬೇರೆ ಬೇರೆ ಆಸನಗಳನ್ನು ಗೊತ್ತುಪಡಿಸುವ ಕಾನೂನು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪು ನೀಡಿತು. ಜೂನ್ 29ರಂದು ಅಧ್ಯಕ್ಷ ಐಸೆನ್‌ಹೋವರ್ ಅವರು ಫೆಡರಲ್ ಹೆದ್ದಾರಿ ಕಾಯ್ದೆಗೆ ಸಹಿ ಹಾಕಿದರು. 41,000 ಮೈಲಿ ಹೆದ್ದಾರಿ ಕಟ್ಟುವುದು, ಅದರ ವೆಚ್ಚದಲ್ಲಿ ಶೇ. 90ರಷ್ಟನ್ನು ಕೇಂದ್ರ ಸರ್ಕಾರವೇ ಭರಿಸುವುದು ಎಂಬುದು ಆ ಕಾಯ್ದೆಯ ತಿರುಳು. ಬಿಳಿಯರಿಗೆ ಬಸ್ಸಿನ ಆಸನ ಬಿಟ್ಟುಕೊಡಲೊಪ್ಪದ ರೋಸಾ ಪಾರ್ಕ್ಸ್ ಅವರ ಬಂಧನ, 381 ದಿನಗಳ ಬಸ್ ಬಹಿಷ್ಕಾರ, ಮಾರ್ಟಿನ್ ಲೂಥರ್ ಕಿಂಗ್ ಅವರ ಮುಂದಾಳುತನ ಇವೆಲ್ಲ ನಮಗೆ ಓದಿ ಗೊತ್ತು. ಆದರೆ ಬಸ್ಸಿನೊಳಗಿನ ತಾರತಮ್ಯವನ್ನು ನ್ಯಾಯಾಲಯ ಅಳಿಸುತ್ತಿದ್ದ ಹೊತ್ತಿನಲ್ಲೇ, ಬಸ್ಸು ಓಡುವ ನೆಲದ ಮೇಲಿನ ತಾರತಮ್ಯಕ್ಕೆ ಸರ್ಕಾರದ ಹಣ ಹರಿಯತೊಡಗಿತೆಂಬುದು ಹೆಚ್ಚು ಮಂದಿಯ ಗಮನಕ್ಕೆ ಬಂದಿಲ್ಲ.

ನಾನು ವಾಸಿಸುವ ಮಿನೆಸೋಟಾದ ಸೇಂಟ್ ಪಾಲ್‌ನಲ್ಲಿ ರಾಂಡೋ ಎಂಬ ಬಡಾವಣೆ ಇತ್ತು. ನಗರದ ಕಪ್ಪು ಜನರಲ್ಲಿ ಬಹುಪಾಲು ಮಂದಿ ಅಲ್ಲಿದ್ದರು. ರೈಲ್ವೆ ನೌಕರರು, ಶಿಕ್ಷಕರು, ಕ್ಷೌರದ ಅಂಗಡಿಯವರು, ಪತ್ರಿಕೆ ನಡೆಸುವವರು ಅಲ್ಲಿ ಸ್ವಂತ ಮನೆ ಮಾಡಿಕೊಂಡಿದ್ದರು. ಐ-94 ಎಂಬ ಅಂತರರಾಜ್ಯ ಹೆದ್ದಾರಿಗಾಗಿ ಸುಮಾರು 600 ಕುಟುಂಬಗಳು ಮನೆ ಕಳೆದುಕೊಂಡವು, ಸುಮಾರು 300 ವ್ಯಾಪಾರಗಳು ಮುಚ್ಚಿದವು. 1956ರಲ್ಲೇ, ಮನೆ ಬಿಡಲೊಪ್ಪದ ಹಿರಿಯ ಪಾದ್ರಿಯೊಬ್ಬರನ್ನು ಹೊರಹಾಕಲು ಪೊಲೀಸರು ಕೊಡಲಿ, ಸುತ್ತಿಗೆಗಳೊಂದಿಗೆ ಬಂದಿದ್ದರು. ಬೇರೆ ದಾರಿ ಇರಲಿಲ್ಲವೆಂದು ಯಾರೂ ಹೇಳಲಾರರು: ನಗರದ ಯೋಜನಾ ಎಂಜಿನಿಯರ್ ಆಗಿದ್ದ ಜಾರ್ಜ್ ಹೆರಾಲ್ಡ್ ಅವರು ಉತ್ತರಕ್ಕಿರುವ ರೈಲು ಹಳಿಗಳ ಪಕ್ಕದಲ್ಲೇ ಹೆದ್ದಾರಿ ಒಯ್ಯುವ ಮಾರ್ಗವನ್ನು ಸೂಚಿಸಿದ್ದರು. ಆ ಸಲಹೆಯನ್ನು ತಳ್ಳಿಹಾಕಲಾಯಿತು.

2015ರಲ್ಲಿ ರಾಜ್ಯದ ಸಾರಿಗೆ ಆಯುಕ್ತರು ರಾಂಡೋದ ಜನರ ಮುಂದೆ ನಿಂತು ಕ್ಷಮೆ ಕೇಳಿದರು. ಕ್ಷಮೆ ಕೇಳಿದ್ದು ಒಳ್ಳೆಯದೇ. ಆದರೆ ಆಗಿರುವ ಅನ್ಯಾಯವನ್ನು ಸಾರಿಗೆಯ ಮೂಲಕವೇ ಸರಿಪಡಿಸುವುದು ಎಂದರೇನು, ಅದನ್ನು ಯಾರು ತೀರ್ಮಾನಿಸಬೇಕು ಎಂಬುದನ್ನು ಇಲ್ಲಿ ಚರ್ಚಿಸಬೇಕೆಂದು ಕೋರುತ್ತೇನೆ. ಈ ದೇಶಕ್ಕೆ ಬಂದು ನೆಲೆಸಿದ ಕನ್ನಡಿಗರು ಪ್ರತಿದಿನ ಇವೇ ಹೆದ್ದಾರಿಗಳಲ್ಲಿ ಕೆಲಸಕ್ಕೆ ಹೋಗುತ್ತೇವೆ, ಇವು ತಲುಪಿಸುವ ಉಪನಗರಗಳಲ್ಲೇ ಮನೆ ಕೊಳ್ಳುತ್ತೇವೆ. ಆದ್ದರಿಂದ ಇದನ್ನು ಬೇರೆಯವರ ವಿಷಯವೆಂದು ಬದಿಗಿಡಲು ನಮಗೆ ಆಗದು.

ನಿವೃತ್ತ ರಸ್ತೆ ಎಂಜಿನಿಯರ್, ಧಾರವಾಡ:

ಮಾಹಿತಿಯುಕ್ತವಾದ ಬರಹಕ್ಕೆ ವಂದನೆಗಳು. ಆದರೆ ರಸ್ತೆ ಕೆಲಸದಲ್ಲೇ ವೃತ್ತಿಜೀವನ ಕಳೆದವನಾಗಿ ಒಂದು ಆಕ್ಷೇಪ ಎತ್ತಬೇಕಾಗಿದೆ. ಅಲೈನ್‌ಮೆಂಟ್ (ರಸ್ತೆ ಸಾಗುವ ಗೆರೆ) ಗುರುತಿಸುವಾಗ ನಾವು ಮೊದಲು ನೋಡುವುದು ಭೂಸ್ವಾಧೀನದ ವೆಚ್ಚವನ್ನು. ಯಾವ ನೆಲದ ಬೆಲೆ ಕಡಿಮೆಯೋ, ಯಾವ ಕಟ್ಟಡಗಳು ಹಳೆಯವೋ, ಎಲ್ಲಿ ವ್ಯಾಜ್ಯ ಕಡಿಮೆಯೋ ಅಲ್ಲಿ ರಸ್ತೆ ಹೋಗುತ್ತದೆ. ಇದರಲ್ಲಿ ಬಡವರಿಗೆ ಏಟು ಬೀಳುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಬಡತನದ ಪ್ರಶ್ನೆ. ಜನಾಂಗದ ಪ್ರಶ್ನೆಯೆಂದು ಹೇಳಲು ಹೆಚ್ಚಿನ ಆಧಾರ ಬೇಕಲ್ಲವೇ?

ಸೇಂಟ್ ಪಾಲ್ ನಿವಾಸಿ:

ಸರ್, ನಿಮ್ಮ ಆಕ್ಷೇಪ ನ್ಯಾಯವಾದದ್ದು. ಅದಕ್ಕೆ ಎರಡು ಉತ್ತರಗಳಿವೆ.

ಆ ನೆಲ ಅಗ್ಗವಾದದ್ದು ಹೇಗೆ ಎಂಬುದು ಒಂದು. 1930ರ ದಶಕದಲ್ಲಿ ಫೆಡರಲ್ ಸರ್ಕಾರದ ಗೃಹಸಾಲ ಸಂಸ್ಥೆಯು ನಗರಗಳ ನಕ್ಷೆಗಳನ್ನು ತಯಾರಿಸಿ, ಸಾಲ ಕೊಡುವುದು ಅಪಾಯವೆಂದು ತಾನು ಎಣಿಸಿದ ಪ್ರದೇಶಗಳಿಗೆ ಕೆಂಪು ಬಣ್ಣ ಬಳಿಯಿತು. ಕಪ್ಪು ಜನರು ವಾಸಿಸುತ್ತಿದ್ದ ಬಡಾವಣೆಗಳು ಬಹುಮಟ್ಟಿಗೆ ಈ ಕೆಂಪು ಭಾಗದಲ್ಲೇ ಬಿದ್ದವು. ಸರ್ಕಾರದ ಗೃಹಸಾಲ ವಿಮೆಯೂ ಅಂಥ ಕಡೆ ಸಿಗುತ್ತಿರಲಿಲ್ಲ. ಸಾಲವಿಲ್ಲದೆ ದುರಸ್ತಿಯಿಲ್ಲ, ದುರಸ್ತಿಯಿಲ್ಲದೆ ಬೆಲೆಯಿಲ್ಲ. ಬೆಲೆ ಇಳಿದ ಮೇಲೆ ಅದೇ ಇಳಿದ ಬೆಲೆಯನ್ನು ಮುಂದಿಟ್ಟುಕೊಂಡು ಎಂಜಿನಿಯರ್ ಗೆರೆ ಎಳೆದರು. ಗೆರೆ ಎಳೆದವರ ಮನಸ್ಸಿನಲ್ಲಿ ದ್ವೇಷ ಇರಲೇಬೇಕೆಂದಿಲ್ಲ. ಹಿಂದಿನ ತಲೆಮಾರಿನ ಅನ್ಯಾಯ ಅವರ ಲೆಕ್ಕದ ಪುಸ್ತಕದೊಳಗೆ ಭೂಮಿಯ ದರವಾಗಿ ಕುಳಿತಿತ್ತು.

ಕೆಲವೆಡೆ ಉದ್ದೇಶವೂ ಬಯಲಿಗೇ ಇತ್ತು. ಬಸ್ ಬಹಿಷ್ಕಾರ ನಡೆದ ಮಾಂಟ್ಗೊಮರಿಯಲ್ಲೇ ಐ-85 ಹೆದ್ದಾರಿಯನ್ನು, ಚಳವಳಿಯ ಮುಂದಾಳುಗಳಲ್ಲಿ ಹಲವರು ವಾಸಿಸುತ್ತಿದ್ದ ಬಡಾವಣೆಯ ನಡುವೆ ಒಯ್ಯಲಾಯಿತು. ಆಗ ಅಲಬಾಮಾದ ಹೆದ್ದಾರಿ ನಿರ್ದೇಶಕರಾಗಿದ್ದ ಸ್ಯಾಮ್ ಎಂಗಲ್‌ಹಾರ್ಟ್ ಅವರು, ಜನಾಂಗೀಯ ಪ್ರತ್ಯೇಕತೆಯನ್ನು ಉಳಿಸಿಕೊಳ್ಳಲೆಂದೇ ಹುಟ್ಟಿದ್ದ ಬಿಳಿಯರ ನಾಗರಿಕ ಮಂಡಳಿಗಳ ಪದಾಧಿಕಾರಿಯಾಗಿದ್ದವರು. ಖಾಲಿ ಜಾಗದಲ್ಲಿ ಹಾದುಹೋಗುವ ಬದಲಿ ಮಾರ್ಗವಿದೆಯೆಂದು ನಿವಾಸಿಗಳು ಸಲ್ಲಿಸಿದ ಮನವಿ ಫಲಿಸಲಿಲ್ಲ. ಇದನ್ನು ಬಡತನದ ಪ್ರಶ್ನೆಯೆಂದಷ್ಟೇ ಓದುವುದು ನನಗೆ ಸಾಧ್ಯವಾಗುತ್ತಿಲ್ಲ.

ಮಯಾಮಿಯ ಓವರ್‌ಟೌನ್, ಡೆಟ್ರಾಯಿಟ್‌ನ ಬ್ಲ್ಯಾಕ್ ಬಾಟಮ್, ನ್ಯೂ ಆರ್ಲಿಯನ್ಸ್‌ನ ಕ್ಲೈಬೋರ್ನ್ ಅವೆನ್ಯೂ, ಸಿರಾಕ್ಯೂಸ್‌ನ 15ನೇ ವಾರ್ಡ್: ಒಂದಕ್ಕೊಂದು ನೂರಾರು ಮೈಲಿ ದೂರದ ಊರುಗಳಲ್ಲಿ, ಹೆದ್ದಾರಿಗೆ ಬಲಿಯಾದ ಕಪ್ಪು ಬಡಾವಣೆಗಳ ಒಂದೇ ಕತೆ ಮರುಕಳಿಸಿದರೆ ಅದನ್ನು ಆಕಸ್ಮಿಕವೆನ್ನುವುದು ಕಷ್ಟ.

ನಿವೃತ್ತ ರಸ್ತೆ ಎಂಜಿನಿಯರ್, ಧಾರವಾಡ:

ಮಾಂಟ್ಗೊಮರಿಯ ಹೆದ್ದಾರಿಯ ಸಂಗತಿ ನನಗೆ ತಿಳಿದಿರಲಿಲ್ಲ. ಆ ಉದಾಹರಣೆಯ ಮುಂದೆ ನನ್ನ ಆಕ್ಷೇಪ ನಿಲ್ಲುವುದಿಲ್ಲ. ಹಾಗಿದ್ದರೆ ನಮ್ಮ ವೃತ್ತಿಯ ಕಡೆಯಿಂದ ಒಂದು ಮಾತನ್ನು ಸೇರಿಸುತ್ತೇನೆ. ರಸ್ತೆ ಯೋಜನೆಯ ಲಾಭನಷ್ಟವನ್ನು ತೂಗುವಾಗ ಲಾಭದ ಕಡೆ ಅತಿ ದೊಡ್ಡ ಅಂಕಿಯಾಗಿ ಬರುವುದು ವಾಹನಗಳಿಗೆ ಉಳಿಯುವ ಸಮಯ. ನಿತ್ಯ ಎಷ್ಟು ವಾಹನಗಳು, ಪ್ರತಿಯೊಂದಕ್ಕೆ ಎಷ್ಟು ನಿಮಿಷ ಉಳಿತಾಯ, ಆ ನಿಮಿಷಗಳ ಬೆಲೆ ಎಷ್ಟು ಎಂದು ಗುಣಿಸುತ್ತ ಹೋಗುತ್ತೇವೆ. ಮನೆ ಕಳೆದುಕೊಂಡವನ ಪಾಲು ವೆಚ್ಚದ ಕಡೆ ಬರುವುದು ಭೂಮಿ ಮತ್ತು ಕಟ್ಟಡದ ದರವಾಗಿ ಮಾತ್ರ. ಆ ರಸ್ತೆ ಬಂದದ್ದರಿಂದ ಶಾಲೆಗೆ ಸುತ್ತಿ ಹೋಗಬೇಕಾದ ಮಗುವಿನ ನಿಮಿಷಗಳನ್ನು, ಅಂಗಡಿಗೆ ನಡೆದು ಹೋಗುತ್ತಿದ್ದ ಮುದುಕಿಯ ನಿಮಿಷಗಳನ್ನು ಅದೇ ದರದಲ್ಲಿ ಎಣಿಸುವ ಕೋಷ್ಟಕವನ್ನು ನನ್ನ ಸೇವೆಯ ಅವಧಿಯಲ್ಲಿ ನಾನು ಕಂಡದ್ದಿಲ್ಲ. ಲೆಕ್ಕದ ವಿಧಾನ ಬದಲಾಗದೆ ಅಧಿಕಾರಿಗಳು ಬದಲಾದರೆ ಫಲಿತಾಂಶ ಬದಲಾಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಸೇಂಟ್ ಪಾಲ್ ನಿವಾಸಿ:

ನೀವು ಹೇಳಿದ್ದಕ್ಕೆ ನಮ್ಮ ಊರಿನಲ್ಲೇ ಪುರಾವೆ ಇದೆ. 2014ರಲ್ಲಿ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ನಡುವೆ ಗ್ರೀನ್ ಲೈನ್ ಎಂಬ ಲೈಟ್ ರೈಲ್ ಆರಂಭವಾಯಿತು. ಯೂನಿವರ್ಸಿಟಿ ಅವೆನ್ಯೂ ಉದ್ದಕ್ಕೂ, ಅಂದರೆ ಹಳೆಯ ರಾಂಡೋ ಮತ್ತು ಫ್ರಾಗ್‌ಟೌನ್ ಬಡಾವಣೆಗಳ ಮಗ್ಗುಲಲ್ಲೇ ಅದು ಸಾಗುತ್ತದೆ. ಮೂಲ ಯೋಜನೆಯಲ್ಲಿ ಈ ಭಾಗದ ನಿಲ್ದಾಣಗಳ ನಡುವೆ ಒಂದೊಂದು ಮೈಲಿ ಅಂತರವಿತ್ತು. ಅಲ್ಲಿನ ಜನರಲ್ಲಿ ಕಾರಿಲ್ಲದವರು ಬಹಳ. ಆ ರಸ್ತೆಯ ಬಸ್ ಸೇವೆಯನ್ನೂ ರೈಲು ಬಂದ ಮೇಲೆ ಕಡಿಮೆ ಮಾಡುವವರಿದ್ದರು. ಹೀಗೆ ರೈಲು ಅವರ ಬೀದಿಯಲ್ಲಿ ಹಾದುಹೋಗುತ್ತದೆ, ಆದರೆ ಅವರಿಗಾಗಿ ನಿಲ್ಲುವುದಿಲ್ಲ ಎಂಬ ಸ್ಥಿತಿ. ವೆಸ್ಟರ್ನ್, ವಿಕ್ಟೋರಿಯಾ ಮತ್ತು ಹ್ಯಾಮ್‌ಲಿನ್ ಎಂಬ ಮೂರು ಅಡ್ಡರಸ್ತೆಗಳಲ್ಲಿ ನಿಲ್ದಾಣ ಬೇಕೆಂದು ಕಪ್ಪು ಜನರ ಸಂಘಗಳೂ ಆಗ್ನೇಯ ಏಷ್ಯಾದಿಂದ ಬಂದ ವಲಸಿಗರ ಸಂಘಗಳೂ ಒಟ್ಟಾಗಿ ವರ್ಷಗಟ್ಟಲೆ ಕೇಳಿದವು. ಅಧಿಕಾರಿಗಳ ಉತ್ತರ ಒಂದೇ: ಖರ್ಚಿಗೆ ತಕ್ಕ ಪ್ರಯೋಜನವಿದೆಯೇ ಎಂದು ಅಳೆಯುವ ಫೆಡರಲ್ ಸರ್ಕಾರದ ವೆಚ್ಚ ಪರಿಣಾಮಕತೆಯ ಸೂತ್ರಕ್ಕೆ ಹೆಚ್ಚುವರಿ ನಿಲ್ದಾಣ ಹೊಂದುವುದಿಲ್ಲ, ಸೂತ್ರ ಮೀರಿದರೆ ಇಡೀ ಯೋಜನೆಗೆ ಅನುದಾನ ತಪ್ಪುತ್ತದೆ.

2010ರ ಜನವರಿಯಲ್ಲಿ ಫೆಡರಲ್ ಸಾರಿಗೆ ಇಲಾಖೆ ಆ ಸೂತ್ರದ ಬಿಗಿಯನ್ನು ಸಡಿಲಿಸಿತು. ಮೂರು ನಿಲ್ದಾಣಗಳೂ ಆದವು. ಕ್ಷಮೆಯ ಮಾತುಗಳಿಗಿಂತ ಈ ಮೂರು ನಿಲ್ದಾಣಗಳು ನನಗೆ ಹೆಚ್ಚಿನವು. ಏಕೆಂದರೆ ಅಲ್ಲಿ ಜನರು ಕೇವಲ ಅಹವಾಲು ಸಲ್ಲಿಸಿ ಮನೆಗೆ ಹೋಗಲಿಲ್ಲ, ಅವರು ಎಣಿಕೆಯ ನಿಯಮವನ್ನೇ ಪ್ರಶ್ನಿಸಿದರು.

ಕಾನೂನು ವಿದ್ಯಾರ್ಥಿನಿ, ಲಾಸ್ ಏಂಜಲೀಸ್:

ಈ ಚರ್ಚೆಗೆ ನ್ಯಾಯಾಲಯದ ಕಡೆಯ ಚಿತ್ರವನ್ನೂ ಸೇರಿಸುವುದು ಅಗತ್ಯ. 1964ರ ನಾಗರಿಕ ಹಕ್ಕು ಕಾಯ್ದೆಯ ಆರನೆಯ ಅಧ್ಯಾಯದ ಪ್ರಕಾರ, ಫೆಡರಲ್ ಹಣ ಪಡೆಯುವ ಯಾವ ಕಾರ್ಯಕ್ರಮವೂ ಜನಾಂಗ, ಬಣ್ಣ ಅಥವಾ ಮೂಲದೇಶದ ಆಧಾರದಲ್ಲಿ ತಾರತಮ್ಯ ಮಾಡುವಂತಿಲ್ಲ. ಇಲ್ಲಿನ ಬಸ್ ಪ್ರಯಾಣಿಕರು ಇದೇ ಅಧ್ಯಾಯವನ್ನು ಹಿಡಿದು 1994ರಲ್ಲಿ ಹೋರಾಡಿದರು. ಆಗ ಸಾರಿಗೆ ಪ್ರಾಧಿಕಾರವು ಬಸ್ ದರವನ್ನು 1.10 ಡಾಲರಿನಿಂದ 1.35ಕ್ಕೆ ಏರಿಸಿ, 42 ಡಾಲರಿನ ಮಾಸಿಕ ಪಾಸನ್ನು ರದ್ದುಮಾಡಲು ಹೊರಟಿತ್ತು. ಅದೇ ಕಾಲಕ್ಕೆ ಉಪನಗರಗಳ ಕಡೆಗಿನ ರೈಲು ಮಾರ್ಗಕ್ಕೆ ದೊಡ್ಡ ಮೊತ್ತವನ್ನು ತೆಗೆದಿರಿಸಿತ್ತು. ಬಸ್ಸುಗಳಲ್ಲಿ ಪ್ರಯಾಣಿಸುತ್ತಿದ್ದವರಲ್ಲಿ ಬಹುಪಾಲು ಲ್ಯಾಟಿನೋಗಳು (ಲ್ಯಾಟಿನ್ ಅಮೆರಿಕ ಮೂಲದವರು), ಕಪ್ಪು ಜನರು ಮತ್ತು ಏಷ್ಯನ್ನರು: ಮನೆಗೆಲಸಕ್ಕೆ, ಹೊಲಿಗೆ ಕಾರ್ಖಾನೆಗೆ, ಹೋಟೆಲಿನ ಕೋಣೆ ಶುಚಿಗೊಳಿಸಲು ಹೋಗುವವರು. ಬಸ್ ಪ್ರಯಾಣಿಕರ ಸಂಘದ ಪರವಾಗಿ ಹೂಡಿದ ಆ ದಾವೆ 1996ರಲ್ಲಿ ಹತ್ತು ವರ್ಷಗಳ ಒಪ್ಪಂದದ ಆದೇಶವಾಗಿ ಮುಗಿಯಿತು. ಪಾಸು ಉಳಿಯಿತು, ಬಸ್ಸುಗಳಲ್ಲಿ ನಿಂತು ಪ್ರಯಾಣಿಸುವವರ ಸಂಖ್ಯೆಗೆ ಮಿತಿ ನಿಗದಿಯಾಯಿತು, ಹಳೆಯ ಬಸ್ಸುಗಳ ಬದಲು ಹೊಸವು ಬಂದವು.

ಆದರೆ ಅದೇ ದಾರಿಯಲ್ಲಿ ಇಂದು ಯಾರೂ ಹೋಗಲಾರರು. 2001ರ ಅಲೆಕ್ಸಾಂಡರ್ ವಿರುದ್ಧ ಸ್ಯಾಂಡೊವಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪರಿಣಾಮದಲ್ಲಿ ತಾರತಮ್ಯವಾಗಿದೆ ಎಂಬ ಆಧಾರದ ಮೇಲೆ ಖಾಸಗಿ ವ್ಯಕ್ತಿಗಳು ದಾವೆ ಹೂಡಲು ಬರುವುದಿಲ್ಲವೆಂದು ಹೇಳಿತು. ಉದ್ದೇಶಪೂರ್ವಕ ತಾರತಮ್ಯವನ್ನು ಸಾಬೀತುಪಡಿಸಬೇಕು, ಇಲ್ಲವೇ ಸರ್ಕಾರದ ಇಲಾಖೆಗೆ ದೂರು ಕೊಟ್ಟು ಕಾಯಬೇಕು. ಕಾದರೆ ಏನಾಗುತ್ತದೆ ಎಂಬುದಕ್ಕೆ ಬಾಲ್ಟಿಮೋರ್ ನಿದರ್ಶನ. ಅಲ್ಲಿನ ಕಪ್ಪು ಬಡಾವಣೆಗಳ ಮೂಲಕ ಪೂರ್ವಪಶ್ಚಿಮವಾಗಿ ಸಾಗಬೇಕಿದ್ದ ರೆಡ್ ಲೈನ್ ರೈಲನ್ನು 2015ರಲ್ಲಿ ರಾಜ್ಯಪಾಲ ಲ್ಯಾರಿ ಹೋಗನ್ ರದ್ದುಗೊಳಿಸಿ, ಸುಮಾರು 90 ಕೋಟಿ ಡಾಲರಿನ ಫೆಡರಲ್ ಹಣವನ್ನೂ ಬಿಟ್ಟುಕೊಟ್ಟರು. ನಾಗರಿಕ ಹಕ್ಕು ಸಂಘಟನೆಗಳು ಇಲಾಖೆಗೆ ದೂರಿತ್ತವು. ಫೆಡರಲ್ ಸರ್ಕಾರ ಬದಲಾಯಿತು, 2017ರಲ್ಲಿ ಆ ದೂರನ್ನು ತೀರ್ಮಾನವಿಲ್ಲದೆ ಮುಚ್ಚಲಾಯಿತು. 2023ರಲ್ಲಿ ರಾಜ್ಯಪಾಲ ವೆಸ್ ಮೂರ್ ಯೋಜನೆಗೆ ಮತ್ತೆ ಚಾಲನೆ ಕೊಟ್ಟಿದ್ದಾರೆ. ಈ ನಡುವೆ ಕಳೆದ ಎಂಟು ವರ್ಷಗಳಲ್ಲಿ ಎರಡು ಬಸ್ಸು ಬದಲಿಸಿ ಕೆಲಸಕ್ಕೆ ಹೋದವರ ಸಮಯವನ್ನು ಯಾವ ತೀರ್ಪೂ ಹಿಂದಿರುಗಿಸುವುದಿಲ್ಲ.

ಹಕ್ಕನ್ನು ಕಾಯ್ದೆಯಲ್ಲಿ ಬರೆದಿಟ್ಟು ಅದನ್ನು ಜಾರಿಗೊಳಿಸುವ ಕೀಲಿಯನ್ನು ಆಳುವವರ ಕೈಗೇ ಬಿಟ್ಟರೆ ಅದರ ಬಲ ಚುನಾವಣೆಯಿಂದ ಚುನಾವಣೆಗೆ ಬದಲಾಗುತ್ತದೆ. ಬಡವರ, ಅಲ್ಪಸಂಖ್ಯಾತರ ಮೇಲೆ ಬೀಳುವ ಪರಿಸರದ ಹೊರೆಯನ್ನು ಇಲಾಖೆಗಳು ಗಮನಿಸಬೇಕೆಂದು 1994ರಲ್ಲಿ ಅಧ್ಯಕ್ಷ ಕ್ಲಿಂಟನ್ ಹೊರಡಿಸಿದ್ದ ಪರಿಸರ ನ್ಯಾಯದ ಆದೇಶವನ್ನು 2025ರ ಜನವರಿಯಲ್ಲಿ ಹಿಂತೆಗೆದುಕೊಳ್ಳಲಾಯಿತು. ಹೆದ್ದಾರಿಗಳಿಂದ ತುಂಡಾದ ಬಡಾವಣೆಗಳನ್ನು ಮತ್ತೆ ಜೋಡಿಸಲು 2022ರ ಕಾಯ್ದೆಯೊಂದರಲ್ಲಿ ಮೀಸಲಿಟ್ಟಿದ್ದ ಹಣದಲ್ಲಿ ಇನ್ನೂ ಒಪ್ಪಂದವಾಗದೆ ಉಳಿದಿದ್ದ ಭಾಗವನ್ನು ಅದೇ ವರ್ಷ ಕಾಂಗ್ರೆಸ್ ವಾಪಸು ಪಡೆಯಿತು.

ಬಫಲೋ ಗೃಹಿಣಿ:

ಕಾನೂನಿನ ದೊಡ್ಡ ಮಾತುಗಳ ನಡುವೆ ಒಂದು ಬಸ್ ನಿಲ್ದಾಣದ ವಿಷಯ ಹೇಳಬೇಕಿದೆ. 1995ರ ಡಿಸೆಂಬರಿನಲ್ಲಿ ನಮ್ಮ ಊರಿನ ಹೊರವಲಯದಲ್ಲಿ, ದೊಡ್ಡ ಮಾಲ್ ಒಂದರಲ್ಲಿ ಕೆಲಸಕ್ಕೆ ಹೋಗುತ್ತಿದ್ದ 17 ವರ್ಷದ ಕಪ್ಪು ಹುಡುಗಿಯೊಬ್ಬಳು, ಏಳು ಪಥಗಳ ರಸ್ತೆಯನ್ನು ದಾಟುವಾಗ ಲಾರಿಯಡಿ ಸಿಲುಕಿ, ಕೆಲವು ವಾರಗಳ ನಂತರ ಪ್ರಾಣ ಕಳೆದುಕೊಂಡಳು. ಅವಳು ಬಂದ ಬಸ್ಸಿನ ಹೆಸರು ಆರನೇ ನಂಬರ್. ನಗರದೊಳಗಿನ ಕಪ್ಪು ಬಡಾವಣೆಗಳಿಂದ ಬರುತ್ತಿದ್ದ ಆ ಬಸ್ಸಿಗೆ ಮಾಲ್‌ನ ಆವರಣದೊಳಗೆ ನಿಲ್ಲುವ ಅನುಮತಿ ಇರಲಿಲ್ಲ. ಬೇರೆ ಕಡೆಗಳಿಂದ ಬರುವ ಪ್ರವಾಸಿ ಬಸ್ಸುಗಳು ಒಳಗೇ ಹೋಗುತ್ತಿದ್ದವು. ಆಕೆಯ ಸಾವಿನ ನಂತರ ಆ ಬಸ್ಸಿಗೆ ಪ್ರವೇಶ ಸಿಕ್ಕಿತು, 1999ರಲ್ಲಿ ಆಕೆಯ ಪುಟ್ಟ ಮಗನಿಗೆ ಪರಿಹಾರವೂ ದೊರೆಯಿತು. ನಾನು ಈ ಊರಿಗೆ ಬಂದದ್ದು ಬಹಳ ನಂತರ. ಆದರೂ ಆ ರಸ್ತೆಯ ಬದಿಯಲ್ಲಿ ನಿಂತವರಿಗೆ, ಫುಟ್‌ಪಾತ್ ಇಲ್ಲದಿರುವುದು, ದೀಪವಿಲ್ಲದಿರುವುದು, ನಿಲ್ದಾಣ ಯಾವ ಬದಿಯಲ್ಲಿದೆ ಎಂಬುದು ಇವೆಲ್ಲ ಯಾರೋ ಕುಳಿತು ಮಾಡಿದ ತೀರ್ಮಾನಗಳೆಂದು ಅರ್ಥವಾಗುತ್ತದೆ.

ರಸ್ತೆ ದಾಟುವುದರಲ್ಲೂ ದಂಡ ಎಲ್ಲರಿಗೂ ಒಂದೇ ರೀತಿ ಬೀಳುವುದಿಲ್ಲ. ನ್ಯೂಯಾರ್ಕ್ ನಗರದಲ್ಲಿ 2023ರಲ್ಲಿ ಅಡ್ಡಾದಿಡ್ಡಿ ರಸ್ತೆ ದಾಟಿದರೆಂದು ನೋಟಿಸ್ ಪಡೆದವರಲ್ಲಿ ಶೇ. 90ಕ್ಕಿಂತ ಹೆಚ್ಚಿನವರು ಕಪ್ಪು ಅಥವಾ ಲ್ಯಾಟಿನೋ ಜನರು. ಮರುವರ್ಷ ನಗರಸಭೆ ಆ ಅಪರಾಧವನ್ನೇ ಕಾನೂನಿನಿಂದ ತೆಗೆದುಹಾಕಿತು.

ಬ್ರಿಸ್ಟಲ್ ವೈದ್ಯ:

ಇಂಗ್ಲೆಂಡಿನಿಂದ ಚಿಕ್ಕದೊಂದು ಸೇರ್ಪಡೆ. ಇಲ್ಲಿ ಪ್ರಶ್ನೆ ಬಸ್ಸಿನಲ್ಲಿ ಕೂರುವುದರದ್ದಾಗಿರಲಿಲ್ಲ, ಬಸ್ಸಿನಲ್ಲಿ ದುಡಿಯುವುದರದ್ದಾಗಿತ್ತು. ಕಪ್ಪು ಹಾಗೂ ಏಷ್ಯನ್ ಜನರನ್ನು ಚಾಲಕ, ನಿರ್ವಾಹಕರಾಗಿ ನೇಮಿಸಿಕೊಳ್ಳಲು ಬ್ರಿಸ್ಟಲ್‌ನ ಬಸ್ ಕಂಪನಿ ನಿರಾಕರಿಸುತ್ತಿತ್ತು. ಕಾರ್ಮಿಕ ಸಂಘವೂ ಅದಕ್ಕೆ ಬೆಂಬಲವಾಗಿತ್ತು. 1963ರಲ್ಲಿ ಪಾಲ್ ಸ್ಟೀಫನ್ಸನ್, ರಾಯ್ ಹ್ಯಾಕೆಟ್ ಮತ್ತಿತರರು ಮಾಂಟ್ಗೊಮರಿಯ ಮಾದರಿಯಲ್ಲಿ ಬಹಿಷ್ಕಾರಕ್ಕೆ ಕರೆ ಕೊಟ್ಟರು. ಆಗಸ್ಟ್ 28ರಂದು ಕಂಪನಿ ಮಣಿಯಿತು. ಸೆಪ್ಟೆಂಬರಿನಲ್ಲಿ ಮೊದಲ ಬಿಳಿಯೇತರ ನಿರ್ವಾಹಕರಾಗಿ ಕೆಲಸಕ್ಕೆ ಬಂದವರು ರಘ್ಬೀರ್ ಸಿಂಗ್ ಎಂಬ ಸಿಖ್ಖರು. ಕೆರಿಬಿಯನ್ ಜನರು ಆರಂಭಿಸಿದ ಹೋರಾಟದ ಮೊದಲ ಫಲ ಭಾರತೀಯರೊಬ್ಬರಿಗೆ ದೊರೆಯಿತೆಂಬುದನ್ನು, ಇಲ್ಲಿ ನೆಲೆ ಕಂಡುಕೊಂಡ ನಾವು ಮರೆಯಬಾರದು.

ಬೆಂಗಳೂರಿನ ಓದುಗಿ:

ನಮ್ಮ ಊರಿನ ಬಗೆಗೂ ಮಾತನಾಡುವುದು ಪ್ರಾಮಾಣಿಕವಾದೀತು. 2016ರ ಜನವರಿಯ ಕೊನೆಯ ದಿನ, ನಗರದ ಹೊರವಲಯದ ಹೆಸರಘಟ್ಟ ರಸ್ತೆಯ ಬಳಿ, ಬೇರೊಬ್ಬ ಆಫ್ರಿಕನ್ ವ್ಯಕ್ತಿ ಮಾಡಿದ ಅಪಘಾತದ ಸಿಟ್ಟಿನಲ್ಲಿ ಗುಂಪೊಂದು ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಹಲ್ಲೆ ಮಾಡಿತು. ತಪ್ಪಿಸಿಕೊಳ್ಳಲು ಆಕೆ ಬಸ್ ಹತ್ತಿದಾಗ ಒಳಗಿದ್ದ ಪ್ರಯಾಣಿಕರೇ ಆಕೆಯನ್ನು ಹೊರತಳ್ಳಿದರೆಂದು ಆಗ ವರದಿಯಾಗಿತ್ತು. 2012ರ ಆಗಸ್ಟಿನಲ್ಲಿ ವದಂತಿಗಳಿಗೆ ಹೆದರಿದ ಈಶಾನ್ಯ ರಾಜ್ಯಗಳ ಸಾವಿರಾರು ಜನರು ಇದೇ ನಗರದ ರೈಲು ನಿಲ್ದಾಣದಲ್ಲಿ ನೆರೆದು, ಗುವಾಹಟಿಗೆ ವಿಶೇಷ ರೈಲುಗಳಲ್ಲಿ ಹೊರಟುಹೋದರು. ಮುಖ ನೋಡಿ ಪರಕೀಯರೆಂದು ಗುರುತಿಸಲ್ಪಡುವವರಿಗೆ ಬಸ್ಸು, ಆಟೋ, ನಿಲ್ದಾಣ ಎಷ್ಟರ ಮಟ್ಟಿಗೆ ಸುರಕ್ಷಿತ ಎಂಬುದು ಕೂಡ ಸಾರಿಗೆಯ ಪ್ರಶ್ನೆಯೇ. ಮಾರ್ಗ, ದರ, ವೇಳಾಪಟ್ಟಿ ಎಲ್ಲವೂ ಸರಿಯಿದ್ದು, ಹತ್ತಿದ ಮೇಲೆ ಇಳಿಸುವವರಿದ್ದರೆ ಆ ಸೇವೆ ಅವರ ಪಾಲಿಗೆ ಇಲ್ಲ.

ಯಲ್ಲಾಪುರದ ಶಿಕ್ಷಕಿ:

ಇಷ್ಟು ಹೊತ್ತು ಓದುತ್ತಿದ್ದೆ. ಬೆಂಗಳೂರಿನ ಮೇಡಂ ಬರೆದುದನ್ನು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಆಫ್ರಿಕಾ ಮೂಲದ ಜನರು ಕರ್ನಾಟಕಕ್ಕೆ ಓದಲು ಬಂದ ವಿದೇಶಿಯರಷ್ಟೇ ಅಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಜೋಯಿಡಾ, ಅಂಕೋಲಾ ತಾಲ್ಲೂಕುಗಳ ಕಾಡಿನೊಳಗೆ ಸಿದ್ದಿ ಸಮುದಾಯದವರು ಶತಮಾನಗಳಿಂದ ಬದುಕುತ್ತಿದ್ದಾರೆ. ಅವರ ಪೂರ್ವಿಕರಲ್ಲಿ ಅನೇಕರನ್ನು ಗುಲಾಮರಾಗಿ ಪೋರ್ಚುಗೀಸರು ಗೋವೆಗೆ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು ಕಾಡಿನ ಒಳಕ್ಕೆ, ಇನ್ನೂ ಒಳಕ್ಕೆ ಹೋಗಿ ನೆಲೆಸಿದರು. 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಆದರೂ ಪಟ್ಟಣಕ್ಕೆ ಹೋದಾಗ ‘ಯಾವ ದೇಶದವರು?’ ಎಂದು ಕೇಳಿಸಿಕೊಳ್ಳುವುದು ಅವರಿಗೆ ತಪ್ಪಿಲ್ಲ.

ಅಂದು ಅಡಗಿಕೊಳ್ಳಲು ಆಸರೆಯಾದ ದೂರವೇ ಇಂದು ಮಕ್ಕಳಿಗೆ ತೊಡಕಾಗಿದೆ. ಮುಖ್ಯ ರಸ್ತೆಯಿಂದ ಒಳಗಿರುವ ಕೇರಿಗಳಿಂದ ನಡೆದೇ ಬಸ್ಸಿಗೆ ಬರಬೇಕು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಬರುವುದೇ ಇಲ್ಲ. ಏಳನೇ ತರಗತಿ ಮುಗಿದ ಮೇಲೆ ಹೆಣ್ಣುಮಕ್ಕಳನ್ನು ಹೈಸ್ಕೂಲಿಗೆ ಕಳಿಸಿರೆಂದು ತಾಯಂದಿರನ್ನು ಒಪ್ಪಿಸಲು ಹೋದಾಗ, ಅವರು ಮೊದಲು ಕೇಳುವುದು ಸಂಜೆಯ ಬಸ್ಸಿನ ಬಗ್ಗೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಟಿಕೆಟ್ ಉಚಿತವಾಗಿದೆ; ಅದರಿಂದ ಪೇಟೆಯ ಬಳಿಯ ಹೆಣ್ಣುಮಕ್ಕಳಿಗೆ ಆಗಿರುವ ಉಪಕಾರವನ್ನು ಕಣ್ಣಾರೆ ಕಂಡಿದ್ದೇನೆ. ಬಸ್ಸೇ ಬಾರದ ಕೇರಿಗೆ ಆ ಉಪಕಾರ ತಲುಪಿಲ್ಲ. ಅಮೆರಿಕದಲ್ಲಿ ಮನೆಗಳ ಮೇಲೆ ರಸ್ತೆ ಬಂತು, ಇಲ್ಲಿ ಮನೆಗಳ ತನಕ ರಸ್ತೆಯೇ ಬಂದಿಲ್ಲ. ಎರಡೂ ಕಡೆ ತೀರ್ಮಾನ ಮಾಡಿದವರು ಆ ಜನರನ್ನು ಕೇಳಲಿಲ್ಲ ಎಂಬುದಷ್ಟೇ ನನಗೆ ಕಾಣುವ ಸಂಬಂಧ.

ಸೇಂಟ್ ಪಾಲ್ ನಿವಾಸಿ:

ಮೇಡಂ, ನೀವು ಬರೆದದ್ದನ್ನು ಇಲ್ಲಿನ ಅನುಭವದೊಂದಿಗೆ ಪೂರ್ತಿ ಸಮೀಕರಿಸುವ ಧೈರ್ಯ ನನಗಿಲ್ಲ. ಆದರೆ ಕೇಳದೆ ತೀರ್ಮಾನಿಸುವ ಪರಿಪಾಠದ ಬಗ್ಗೆ ನೀವು ಹೇಳಿದ್ದು ಇಡೀ ಚರ್ಚೆಯನ್ನು ಸರಿಯಾದ ಜಾಗಕ್ಕೆ ತಂದಿದೆ. ಹೆದ್ದಾರಿ ಕೆಡವುವ ಕೆಲಸದಲ್ಲೂ ಅದೇ ಪರಿಪಾಠ ಮರಳಿ ಬರಬಹುದೆಂಬ ಆತಂಕ ನನಗಿದೆ. ಸಿರಾಕ್ಯೂಸ್‌ನಲ್ಲಿ ಐ-81ರ ಮೇಲ್ಸೇತುವೆಯನ್ನು ತೆಗೆಯುವ ಯೋಜನೆಯ ಕೆಲಸ 2023ರಲ್ಲಿ ಆರಂಭವಾಗಿದೆ. ಸೇತುವೆ ಹೋದ ಮೇಲೆ ತೆರವಾಗುವ ನೆಲ ಯಾರದ್ದಾಗುತ್ತದೆ? ಅದನ್ನು ಹರಾಜಿಗಿಟ್ಟರೆ ಕೊಳ್ಳುವವರು ಕಟ್ಟಡ ಕಂಪನಿಗಳು. ದಶಕಗಳ ಕಾಲ ಹೊಗೆ ಕುಡಿದು ಪಕ್ಕದಲ್ಲೇ ಉಳಿದವರು ಏರಿದ ಬಾಡಿಗೆ ತೆರಲಾರದೆ ಹೊರಡಬೇಕಾಗುತ್ತದೆ. ಆದ್ದರಿಂದ ಆ ಭೂಮಿಯನ್ನು ಸಮುದಾಯದ ಟ್ರಸ್ಟಿನ ಒಡೆತನಕ್ಕೆ ಕೊಡಬೇಕೆಂಬ ಬೇಡಿಕೆಯನ್ನು ನಾನು ಬೆಂಬಲಿಸುತ್ತೇನೆ. ರಾಂಡೋದಲ್ಲಿ ಮನೆ ಕಳೆದುಕೊಂಡವರ ವಂಶಸ್ಥರಿಗೆ ಮನೆ ಕೊಳ್ಳಲು ಸೇಂಟ್ ಪಾಲ್ ನಗರಾಡಳಿತ ನೆರವು ನೀಡತೊಡಗಿದೆ. ಹೆದ್ದಾರಿಯ ಮೇಲೆ ನೆಲದ ಹೊದಿಕೆ ಕಟ್ಟಿ ಎರಡೂ ಬದಿಗಳನ್ನು ಜೋಡಿಸುವ ಪ್ರಸ್ತಾವವನ್ನು ಅಲ್ಲಿನವರೇ ಮುಂದಿಟ್ಟಿದ್ದಾರೆ. ಇನ್ನೊಂದು ಕಡೆ, ಐ-94 ಅನ್ನು ತೆಗೆದು ಸಾಮಾನ್ಯ ನಗರ ರಸ್ತೆಯನ್ನಾಗಿಸುವ ಆಯ್ಕೆಗಳನ್ನು ಕೈಬಿಡಬೇಕೆಂದು ರಾಜ್ಯದ ಸಾರಿಗೆ ಇಲಾಖೆ 2025ರ ಆರಂಭದಲ್ಲಿ ಶಿಫಾರಸು ಮಾಡಿತು. ಈ ವಿಷಯದ ಸಾರ್ವಜನಿಕ ಸಭೆಗಳಿಗೆ ಇಲ್ಲಿನ ಕನ್ನಡಿಗರು ಹೋಗಬೇಕು, ಹೋಗಿ ರಾಂಡೋದವರ ಮಾತಿಗೆ ದನಿಗೂಡಿಸಬೇಕು. ಪ್ರಯಾಣದ ಸಮಯ ಹತ್ತು ನಿಮಿಷ ಹೆಚ್ಚುತ್ತದೆಂದು ವಿರೋಧಿಸುವವರ ಸಾಲಿನಲ್ಲಿ ನಾವು ನಿಲ್ಲಬಾರದು.

ಯಲ್ಲಾಪುರದ ಶಿಕ್ಷಕಿ:

ಎಂಜಿನಿಯರ್ ಸರ್ ಅವರಲ್ಲಿ ಒಂದು ವಿಚಾರಣೆ. ನಮ್ಮ ಕೇರಿಯ ರಸ್ತೆ ಕೇಳಿದಾಗಲೆಲ್ಲ ಅರಣ್ಯದ ಜಾಗ ಎಂಬ ಉತ್ತರ ಬರುತ್ತದೆ. ಇದಕ್ಕೆ ಕಾನೂನಿನಲ್ಲಿ ದಾರಿ ಇದೆಯೇ?

ನಿವೃತ್ತ ರಸ್ತೆ ಎಂಜಿನಿಯರ್, ಧಾರವಾಡ:

ಇದೆ, ತಂಗಿ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮನ್ನು ನೋಡಿರಿ. ಶಾಲೆ, ಅಂಗನವಾಡಿ, ಕುಡಿಯುವ ನೀರು, ರಸ್ತೆ ಮುಂತಾದ ಸರ್ಕಾರಿ ಸೌಲಭ್ಯಗಳಿಗಾಗಿ ಪ್ರತಿ ಕಾಮಗಾರಿಗೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿಯನ್ನು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯದಂತೆ ಬಳಸಲು ಅದರಲ್ಲಿ ಅವಕಾಶವಿದೆ. ಕಿರಿದಾದ ರಸ್ತೆಯಾದರೆ ಒಂದು ಹೆಕ್ಟೇರಿನೊಳಗೆ ಸಾಕಷ್ಟು ಉದ್ದ ಸಿಗುತ್ತದೆ: ನಾಲ್ಕು ಮೀಟರ್ ಅಗಲಕ್ಕೆ ಸುಮಾರು ಎರಡೂವರೆ ಕಿಲೋಮೀಟರ್. ಆದರೆ ಗ್ರಾಮಸಭೆಯ ಶಿಫಾರಸು ಇಲ್ಲದೆ ಅದು ಮುಂದಕ್ಕೆ ಹೋಗುವುದಿಲ್ಲ. ಆದ್ದರಿಂದ ಮೊದಲು ಕೇರಿಯವರನ್ನೇ ಸೇರಿಸಿ, ರಸ್ತೆ ಎಲ್ಲಿಂದ ಎಲ್ಲಿಗೆ, ಯಾವ ಹಳ್ಳಕ್ಕೆ ಮೋರಿ ಬೇಕು, ಬಸ್ಸು ತಿರುಗಲು ಜಾಗ ಎಲ್ಲಿ ಎಂಬುದನ್ನು ಅವರ ಬಾಯಿಂದಲೇ ಕೇಳಿ ಠರಾವಿನಲ್ಲಿ ಬರೆಸಿರಿ. ಹೆಣ್ಣುಮಕ್ಕಳ ಸಂಜೆಯ ಬಸ್ಸಿನ ವೇಳೆಯನ್ನೂ ಅದರಲ್ಲೇ ಸೇರಿಸಿರಿ. ಕೈನಕ್ಷೆ ಬರೆದು ಅಳತೆಗಳೊಂದಿಗೆ ಇಲ್ಲಿ ಹಾಕಿದರೆ, ಅಂದಾಜು ಪಟ್ಟಿಯನ್ನು ನಾನು ತಯಾರಿಸಿ ಕೊಡುತ್ತೇನೆ.